ಸಮುದ್ರದ ಮೇಲಿನ ಒಂದೂವರೆ ಗಂಟೆ

ಫೆಬ್ರವರಿ 18

ಇಂಟರ್ನೆಟ್ ಪಾಸ್ ಮಾರುವ ತರಬೇತಿ ಇವತ್ತಿಗೆ ಮುಗಿಯಿತು. ಮುಂದಿನ ವಾರದಿಂದ ಅಲ್ಮಾಟಿ–ಇಸ್ತಾಂಬುಲ್ ನಡುವೆ ಹಾರುವ ನಮ್ಮ ಮೂರು ವಿಮಾನಗಳಲ್ಲಿ ಪ್ರಯಾಣಿಕರು ಹಣ ಕೊಟ್ಟು ಇಂಟರ್ನೆಟ್ ಬಳಸಬಹುದು. ಒಂದು ಗಂಟೆಯ ಪಾಸ್, ಪೂರ್ತಿ ದಾರಿಯ ಪಾಸ್, ಎರಡೇ ಬಗೆ. ಪಾಠ ಮಾಡಿದವಳು ಗೌಹರ್, ನನ್ನ ಪಾಲಿಗೆ ಗೌಕು. ಎಲ್ಲರನ್ನೂ ಒಂದು ಸುತ್ತು ನೋಡಿ ಹೇಳಿದಳು: "ಇಷ್ಟು ದಿನ ಜನ ಮೇಲೆ ಹೋದ್ರೆ ಮನೆಯವರ ಪಾಲಿಗೆ ಇಲ್ಲದ ಹಾಗೆ. ಇನ್ಮೇಲೆ ಹಾಗಲ್ಲ. ಹತ್ತಿದಲ್ಲಿಂದ ಇಳಿಯೋ ತನಕ ಮಾತಾಡಬಹುದು. ನೀವು ಪಾಸ್ ಮಾರ್ತಿಲ್ಲ, ಧೈರ್ಯ ಮಾರ್ತಿದೀರಿ ಅಂತ ತಿಳ್ಕೊಳ್ಳಿ."

ಹದಿನೆಂಟು ವರ್ಷದ ಹಿಂದೆ ಅದೇ ಕೋಣೆಯಲ್ಲಿ ಒಂದೇ ಬೆಂಚಿನ ಮೇಲೆ ಕೂತು ನಾವಿಬ್ಬರೂ ಲೈಫ್ ಜಾಕೆಟ್ ಊದುವುದನ್ನು ಕಲಿತದ್ದು. ಅವಳು ನೆಲಕ್ಕೆ ಇಳಿದು ಕ್ಯಾಬಿನ್ ವಿಭಾಗದ ಮುಖ್ಯಸ್ಥೆಯಾದಳು. ನಾನು ಹಿರಿಯ ಗಗನಸಖಿಯಾಗಿ ಮೇಲೆಯೇ ಉಳಿದೆ. ನನಗೆ ಹೊಟ್ಟೆಕಿಚ್ಚಿಲ್ಲ. ನನ್ನ ಮಗಳು ಕುರಾಲೈ ಹುಟ್ಟಿದಾಗ ಅವಳ ಹೊಕ್ಕುಳಬಳ್ಳಿ ಕತ್ತರಿಸಿದವಳು ಗೌಕು. ಹುಡುಗಿಗೆ ಅವಳು ಅರ್ಧ ತಾಯಿ. ಕುರಾಲೈಯ ಅಪ್ಪ ಬೇರೆ ಸಂಸಾರ ಹುಡುಕಿಕೊಂಡು ಅಕ್ತಾವ್‌ಗೆ ಹೋದ ಚಳಿಗಾಲದಲ್ಲಿ ಅವಳು ಎರಡು ತಿಂಗಳು ನಮ್ಮ ಮನೆಯಲ್ಲೇ ಮಲಗಿದ್ದಳು.

ತರಬೇತಿ ಮುಗಿದ ಮೇಲೆ ಕಿವಿಯಲ್ಲಿ ಅಂದಳು: "ಉಮಿತ್, ನೀನು ಮೊದಲ ತಿಂಗಳು ಚೆನ್ನಾಗಿ ಮಾರಿಕೊಡಬೇಕು ಕಣೇ. ನಿನ್ನ ಮುಖ ನೋಡಿದ್ರೆ ಜನ ನಂಬ್ತಾರೆ."

ಮಾರಿಕೊಡುತ್ತೇನೆ. ಅವಳಿಗಾಗಿ ಇಷ್ಟು ಮಾಡದಿದ್ದರೆ ಹೇಗೆ?

ಮಾರ್ಚ್ 2

ಇಸ್ತಾಂಬುಲ್‌ನಿಂದ ವಾಪಸು ಬರುವಾಗ ಜಾರ್ಜಿಯಾದ ಬೆಟ್ಟಗಳು ಮುಗಿಯುತ್ತಿದ್ದಂತೆ ಇಂಟರ್ನೆಟ್ ಹೋಯಿತು. ಕ್ಯಾಸ್ಪಿಯನ್ ದಾಟಿ ಈಚೆಯ ಮರುಭೂಮಿ ಬರುವವರೆಗೂ ಸುಳಿವೇ ಇಲ್ಲ. ಒಬ್ಬ ವ್ಯಾಪಾರಿ ಸೀಟಿನ ಬೆನ್ನಿಗೆ ಗುದ್ದಿ ಗುದ್ದಿ ಬೈದ.

ಇಳಿದ ಕೂಡಲೇ ಗೌಕುಗೆ ಫೋನ್ ಮಾಡಿದೆ. "ಆ ಒಂದು ವಿಮಾನದ ಆಂಟೆನಾ ಕೆಟ್ಟಿತ್ತು ಕಣೇ. ಸರಿ ಮಾಡ್ಸಿದೀವಿ. ಇನ್ನೇನೂ ತೊಂದ್ರೆ ಇಲ್ಲ" ಎಂದಳು. ಹಿಂದೆ ಯಾರೋ ನಗುತ್ತಿದ್ದರು. ಅವಳೂ ನಗುತ್ತಲೇ ಹೇಳಿದಳು. ನನ್ನ ಮನಸ್ಸು ಹಗುರವಾಯಿತು.

ಮಾರ್ಚ್ 12, ಇಸ್ತಾಂಬುಲ್

ಈ ಸಲ ಬಂದದ್ದು ಇಂಟರ್ನೆಟ್ ಇಲ್ಲದ ಹಳೆಯ ವಿಮಾನದಲ್ಲಿ, ವಾಪಸು ನಾಳೆ ಬೆಳಿಗ್ಗೆ ಅದರಲ್ಲೇ. ಮಧ್ಯಾಹ್ನ ಪೇಟೆಯಲ್ಲಿ ಅಲೆದು ಕುರಾಲೈಗೆ ಕೆಂಪು ಬೂಟು ತೆಗೆದುಕೊಂಡೆ. ಅಂಗಡಿಯವನು ಇನ್ನೊಂದು ಜೊತೆ ಕಟ್ಟಲು ನೋಡಿದ. ನಾನೂ ಮಾರುವವಳೇ ಎಂದೆ, ನಕ್ಕು ಸುಮ್ಮನಾದ.

ಮಾರ್ಚ್ 19

ನಡೆದದ್ದನ್ನು ನಡೆದ ಹಾಗೆಯೇ ಬರೆದಿಡಬೇಕು. ನಾಳೆ ಮರೆತರೆ ಕಷ್ಟ.

ಇಸ್ತಾಂಬುಲ್‌ನಲ್ಲಿ ಜನ ಹತ್ತುತ್ತಿದ್ದಾಗ ಒಬ್ಬ ಹೆಂಗಸು ಬಾಗಿಲ ಹತ್ತಿರವೇ ನಿಂತುಬಿಟ್ಟಳು. ಐವತ್ತರ ಮೇಲಿನ ವಯಸ್ಸು, ತಲೆಗೆ ಬೂದು ಬಣ್ಣದ ಶಾಲು, ಬೆರಳುಗಳಲ್ಲಿ ಸೂಜಿ ಚುಚ್ಚಿದ ಕಲೆ. ಹೆಸರು ಮಾರ್ಝಿಯಾ. ಅಲ್ಲಿ ಚರ್ಮದ ಕೋಟು ಹೊಲಿಯುವ ಕೆಲಸವಂತೆ.

"ತಂಗಿ, ಆ ಪಾಸ್ ತಗೊಂಡ್ರೆ ದಾರಿ ಪೂರ್ತಿ ಸಿಗುತ್ತಾ?"

"ಸಿಗುತ್ತೆ ಅಕ್ಕ."

"ಸುಮ್ನೆ ಕೇಳ್ತಿಲ್ಲ ನಾನು. ನಮ್ಮವ್ವ ತಾಲ್ದಿಕೊರ್ಗಾನ್ ಆಸ್ಪತ್ರೇಲಿದಾಳೆ. ಉಸಿರಾಟದ ಯಂತ್ರ ಹಾಕಿದ್ರು, ಇವತ್ತು ತೆಗೆದಿದಾರೆ. ಎರಡೂವರೆಗೆ ನನ್ನ ತಮ್ಮನ ಕೈಗೆ ಫೋನ್ ಕೊಟ್ಟು ಒಳಗೆ ಬಿಡ್ತಾರಂತೆ. ಮಾತಾಡೋದಿದ್ರೆ ಆಗ್ಲೇ ಮಾತಾಡಿ ಅಂತ ಡಾಕ್ಟರು ಹೇಳಿದಾರೆ. ಇಲ್ಲೇ ಉಳಿದುಬಿಟ್ರೆ ಮಾತಾಡಿಕೊಂಡು ಸಂಜೆ ವಿಮಾನಕ್ಕೆ ಬರ್ಬಹುದು. ಹತ್ತಿದ್ರೆ ಬೇಗ ತಲುಪ್ತೀನಿ. ಏನ್ ಮಾಡ್ಲಿ, ನೀನೇ ಹೇಳು."

ಅವಳ ಹಿಂದೆ ಜನ ಸಾಲುಗಟ್ಟಿದ್ದರು. ನಾನು ಅವಳ ಮೊಣಕೈ ಹಿಡಿದು, "ಹತ್ತಿ ಅಕ್ಕ. ಎರಡೂ ಆಗುತ್ತೆ. ಮಾತೂ ಆಗುತ್ತೆ, ಬೇಗ ತಲುಪಿದ ಹಾಗೂ ಆಗುತ್ತೆ. ನಾನಿದೀನಲ್ಲ" ಎಂದೆ.

ಹತ್ತಿದಳು. ಕಿಟಕಿ ಪಕ್ಕದ ಸೀಟು. ಪಾಸನ್ನು ನಾನೇ ಅವಳ ಫೋನಿಗೆ ಹಾಕಿಕೊಟ್ಟೆ. ಟರ್ಕಿಯ ಮೇಲೆ ಚೆನ್ನಾಗಿಯೇ ಇತ್ತು. ತಮ್ಮನ ಜೊತೆ ಮಾತಾಡಿ ಆಸ್ಪತ್ರೆಯ ಓಣಿ, ಹಸಿರು ಬಣ್ಣದ ಬಾಗಿಲು ನೋಡಿದಳು. ನನಗೂ ತೋರಿಸಿದಳು. ಊಟ ಬೇಡವೆಂದಳು. ಅಲ್ಮಾಟಿ ಸಮಯ ಎರಡಕ್ಕೆ ಇನ್ನೂ ಹತ್ತು ನಿಮಿಷವಿದ್ದಾಗ ಇಂಟರ್ನೆಟ್ ಹೋಯಿತು.

ನಾನು ಎರಡು ಸಲ ಇಂಟರ್ನೆಟ್ ಪೆಟ್ಟಿಗೆ ಆರಿಸಿ ಹಚ್ಚಿದೆ. ಬರಲಿಲ್ಲ. ವಿಮಾನದ ಒಳಗಿನ ಫೋನಿನಲ್ಲಿ ಕ್ಯಾಪ್ಟನ್‌ರನ್ನು ಕೇಳಿದೆ. "ಇಲ್ಲಿ ಯಾವಾಗ್ಲೂ ಹೀಗೇ ಅಲ್ವಾ?" ಎಂದರು. "ಇಲ್ಲಿಂದ ಸಮುದ್ರ ದಾಟೋ ತನಕ ಉಪಗ್ರಹ ಇಲ್ಲ. ಅದರ ಒಪ್ಪಂದ ಇನ್ನೂ ಆಗಿಲ್ಲ. ಇಂಜಿನಿಯರುಗಳು ಜನವರೀಲೇ ಬರೆದುಕೊಟ್ಟಿದಾರೆ. ನಿಮಗೆ ಹೇಳಿಲ್ವಾ?"

ಎರಡೂವರೆಗೆ ಮಾರ್ಝಿಯಾ ಫೋನನ್ನು ಮುಖದ ಮುಂದೆ ಎತ್ತಿ ಹಿಡಿದು ಕೂತಿದ್ದಳು. ಪರದೆಯ ಮೇಲೆ ಚಕ್ರ ತಿರುಗುತ್ತಿತ್ತು. ನಾನು ಪಕ್ಕದಲ್ಲಿ ಕೂತೆ. ಏನಾದರೂ ಹೇಳಬೇಕಿತ್ತು, ಹೇಳಿದೆ. ಆಮೇಲೆ ಅವಳು ಮಾತಾಡುತ್ತಲೇ ಇದ್ದಳು.

ಮೂರು ಇಪ್ಪತ್ತಕ್ಕೆ ಇಂಟರ್ನೆಟ್ ಬಂತು. ತಮ್ಮನ ಸಂದೇಶಗಳೆಲ್ಲ ಒಟ್ಟಿಗೇ ಬಂದು ಬಿದ್ದವು. ಅವಳು ಕೊನೆಯದನ್ನು ಮಾತ್ರ ಓದಿ ಫೋನನ್ನು ಮಡಿಲಲ್ಲಿ ಕವುಚಿ ಇಟ್ಟಳು. ಅಳಲಿಲ್ಲ. ಇಳಿಯುವಾಗ ಎಲ್ಲರಿಗಿಂತ ಕೊನೆಗೆ ಎದ್ದು ಬಾಗಿಲ ಹತ್ತಿರ ನನ್ನನ್ನು ನೋಡಿ ಹೇಳಿದಳು: "ನೀನಿದೀಯ ಅಂದಿದ್ದೆಯಲ್ಲ ತಂಗಿ."

ಮಾರ್ಚ್ 20

ವರದಿ ಬರೆದು ಕೊಟ್ಟೆ. ಗೌಕು ಫೋನ್ ಎತ್ತುತ್ತಿಲ್ಲ.

ಮಾರ್ಚ್ 23

ವಸಂತದ ಹೊಸವರ್ಷ ನೌರಿಜ್ ಹಬ್ಬದ ಕೊನೆಯ ದಿನ. ಗೌಕು ತಾನಾಗಿಯೇ ಬಂದಳು. ಕುರಾಲೈಗೆ ಬೆಳ್ಳಿಯ ಓಲೆ ತಂದಿದ್ದಳು. ನೌರಿಜ್ ಗಂಜಿಯನ್ನು ಎರಡು ಬಟ್ಟಲು ಕುಡಿದು, ಈ ಸಲ ಹುಳಿ ಕಡಿಮೆಯಾಯಿತು ಎಂದು ತಮಾಷೆ ಮಾಡಿದಳು.

ನಾನು ಕೇಳಿಯೇ ಬಿಟ್ಟೆ. "ಜನವರೀಲೇ ಕಾಗದ ಬಂದಿತ್ತಂತೆ. ನಿಂಗೆ ಗೊತ್ತಿತ್ತಾ?"

ಅವಳು ಚಮಚ ಕೆಳಗಿಟ್ಟಳು. "ಅದು ತಾಂತ್ರಿಕ ವಿಭಾಗಕ್ಕೆ ಹೋಗಿದ್ದು. ನನ್ನ ಮೇಜಿಗೆ ಬಂದೇ ಇಲ್ಲ. ಕುರಾಲೈ ಆಣೆ."

ಕುರಾಲೈ ಕನ್ನಡಿಯ ಮುಂದೆ ಓಲೆ ಹಾಕಿಕೊಳ್ಳುತ್ತಿದ್ದಳು. ಅವಳ ಮೇಲೆ ಆಣೆಯಿಟ್ಟ ಮೇಲೆ ನಾನು ಮತ್ತೇನು ಕೇಳಲಿ? ನನಗೇ ನಾಚಿಕೆಯಾಯಿತು.

ಎದ್ದು ಹೋಗುವ ಮುಂಚೆ ಚೀಲದಿಂದ ಕಾಗದಗಳನ್ನು ತೆಗೆದಳು. "ನಿನ್ನ ವರದಿ ಮೂರು ಕಡೆ ಹೋಗ್ಬೇಕು. ಪ್ರತಿಗಳಿವು. ಇಲ್ಲಿ, ಇಲ್ಲಿ, ಇಲ್ಲಿ ಸಹಿ ಹಾಕು. ಕಚೇರಿಗೆ ಬರೋ ಕಷ್ಟ ತಪ್ಪಲಿ ಅಂತ ನಾನೇ ತಂದೆ." ಗಂಜಿಯ ಬಟ್ಟಲುಗಳನ್ನು ಪಕ್ಕಕ್ಕೆ ಸರಿಸಿ ಸಹಿ ಹಾಕಿಕೊಟ್ಟೆ.

ಅವಳು ಬಂದು ಹೋದ ಮೇಲೆ ನಿದ್ದೆ ಬರುವ ಹಾಗಾಗಿದೆ.

ಏಪ್ರಿಲ್ 3

ವಿಚಾರಣೆಗೆ ಕರೆದಿದ್ದರು. ಮಾರ್ಝಿಯಾ ದೂರು ಕೊಟ್ಟಿದ್ದಾಳೆ. ಮೂವರ ಸಮಿತಿ, ಹಿರಿಯರು ಬೆಕ್ಸುಲ್ತಾನ್ ಎಂಬ ವಕೀಲರು, ಮೆಲುದನಿಯ ಮನುಷ್ಯ. ಒಂದು ಹಾಳೆಯನ್ನು ನನ್ನ ಮುಂದೆ ಸರಿಸಿ, "ಇದು ನಿಮ್ಮ ಸಹಿಯೇ ಅಲ್ವೇನಮ್ಮ?" ಎಂದು ಕೇಳಿದರು.

ನನ್ನದೇ. ಮೇಲೆ ಅಚ್ಚಾಗಿದ್ದದ್ದು ಸುತ್ತೋಲೆ: ಜಾರ್ಜಿಯಾದಿಂದ ಕ್ಯಾಸ್ಪಿಯನ್ ಪೂರ್ವ ದಡದವರೆಗೆ ಇಂಟರ್ನೆಟ್ ಇರುವುದಿಲ್ಲ, ಪಾಸ್ ಕೊಳ್ಳುವವರಿಗೆ ಸಿಬ್ಬಂದಿ ಇದನ್ನು ಮುಂಚೆಯೇ ತಿಳಿಸಬೇಕು. ಕೊನೆಗೆ, 'ಓದಿ ಅರ್ಥ ಮಾಡಿಕೊಂಡಿದ್ದೇನೆ.' ಅಲ್ಮಾಟಿ ಕಚೇರಿ, ಮಾರ್ಚ್ 12. ಕೆಳಗೆ ನನ್ನ ಹೆಸರು.

"ಗೊತ್ತಿದ್ದೂ ಆಯಮ್ಮನಿಗೆ ಯಾಕೆ ಹಾಗೆ ಹೇಳಿದ್ರಿ?" ಎಂದರು. ಬೈಯುವ ದನಿಯಲ್ಲ, ನಿಜವಾಗಿ ತಿಳಿಯಬೇಕು ಎನ್ನುವ ದನಿ.

ವಕೀಲರ ಪಕ್ಕದಲ್ಲೇ ಗೌಹರ್ ಕೂತಿದ್ದಳು, ಪೆನ್ನಿನ ಮುಚ್ಚಳ ತಿರುಗಿಸುತ್ತ. ನಾನು ಅವಳನ್ನು ನೋಡಿದೆ. ಅವಳು ಕಿಟಕಿಯ ಕಡೆ ನೋಡಿದಳು. ನನ್ನ ಬಾಯಿಂದ ಬಂದದ್ದು ಒಂದೇ ಮಾತು: "ನಂಗೆ ನೆನಪಿಲ್ಲ."

ಯಾಕೆ ಹಾಗಂದೆ? ಅವಳನ್ನು ಉಳಿಸಲೋ, ಸುಳ್ಳು ಹೇಳಿ ಹೇಳಿ ಅಭ್ಯಾಸವಾಗಿಹೋಗಿತ್ತೋ? ವಿಚಾರಣೆ ಮುಗಿಯುವವರೆಗೆ ಕೆಲಸದಿಂದ ದೂರ ಇಟ್ಟಿದ್ದಾರೆ.

ಏಪ್ರಿಲ್ 4

ಗೌಹರ್ ಮನೆಗೆ ಹೋದೆ. ಬಾಗಿಲು ತೆಗೆದು, ಒಳಗೆ ಕೂರಿಸಿ, ಚಹಾ ಬಗ್ಗಿಸಿದಳು. ಬಟ್ಟಲು ಕಂಠದ ತನಕ ತುಂಬಿಸಿ ಕೊಟ್ಟಳು. ಹದಿನೆಂಟು ವರ್ಷ ನನಗೆ ಅರ್ಧರ್ಧ ಬಟ್ಟಲು ಕೊಟ್ಟು, ಮತ್ತೆ ಮತ್ತೆ ತುಂಬಿಸಿ ಕೂರಿಸಿಕೊಂಡವಳು. ತುಂಬಿದ ಬಟ್ಟಲೆಂದರೆ ಕುಡಿದು ಎದ್ದು ಹೋಗು ಎಂದು. ನಮ್ಮಲ್ಲಿ ಇದು ಚಿಕ್ಕ ಮಕ್ಕಳಿಗೂ ಗೊತ್ತು.

"ನನ್ನಿಂದ ಸಹಿ ಹಾಕಿಸಿಕೊಂಡಿದ್ದು ಏನು?"

"ಎಲ್ಲರಿಂದಲೂ ಹಾಕಿಸಿದೆ. ನಿನ್ನೊಬ್ಬಳಿಂದ ಅಲ್ಲ."

"ಎಲ್ಲರೂ ಆ ಹೆಂಗಸಿನ ಮೊಣಕೈ ಹಿಡಿದು ಹತ್ತಿಸಿರ್ಲಿಲ್ಲ."

"ಅದನ್ನ ನಾನು ಹೇಳಿದ್ನಾ? ಪಾಸ್ ಮಾರು ಅಂದೆ. ಹೆತ್ತವ್ವನ ವಿಷಯದಲ್ಲಿ ಮಾತು ಕೊಡು ಅಂದ್ನಾ?" ಆಮೇಲೆ ದನಿ ತಗ್ಗಿಸಿ, "ಉಮಿತ್, ಒಂದು ತಿಂಗಳು ಮನೇಲಿರು. ಬಿಸಿ ಆರಲಿ. ನಿನ್ನನ್ನ ವಾಪಸು ಕರಿಸ್ಕೋತೀನಿ. ನಾನು ಬಿದ್ರೆ ಕರಿಸೋರು ಯಾರಿರ್ತಾರೆ ಹೇಳು" ಎಂದಳು.

"ಕುರಾಲೈ ಆಣೆ ಇಟ್ಟೆಯಲ್ಲೇ."

ಅವಳು ಮೇಜಿನ ಮೇಲೆ ಬಿದ್ದ ಚಹಾದ ಹನಿಯನ್ನು ಬೆರಳಿನಿಂದ ಒರೆಸಿದಳು. ನಾನು ಬಟ್ಟಲು ಮುಟ್ಟದೆ ಎದ್ದು ಬಂದೆ.

ಏಪ್ರಿಲ್ 9

ಮೂರು ದಿನ ಹಾಸಿಗೆಯಲ್ಲೇ ಇದ್ದೆ. ಇವತ್ತು ಈ ಪುಸ್ತಕವನ್ನು ಹಿಂದಕ್ಕೆ ತಿರುವಿ ನೋಡುವಾಗ ಕಂಡಿತು. ಮಾರ್ಚ್ 12ರಂದು ನಾನು ಅಲ್ಮಾಟಿಯಲ್ಲಿ ಇರಲೇ ಇಲ್ಲ. ಇಸ್ತಾಂಬುಲ್‌ನಲ್ಲಿ ಬೂಟು ಕೊಳ್ಳುತ್ತಿದ್ದೆ.

ಕುರಾಲೈಯನ್ನು ಕೂಗಿ, ಆ ಬೂಟಿನ ಡಬ್ಬ ಎಸೆದೆಯಾ ಎಂದು ಕೇಳಿದೆ. ಅವಳು ಅದರಲ್ಲಿ ಬಣ್ಣದ ಪೆನ್ಸಿಲು ಇಟ್ಟುಕೊಂಡಿದ್ದಳು. ಎಲ್ಲವನ್ನೂ ನೆಲಕ್ಕೆ ಸುರಿದು ತಳದಿಂದ ಬಿಲ್ಲು ತೆಗೆದು ಕೊಟ್ಟಳು. ತಾರೀಕು ಇದೆ, ಗಂಟೆ ಇದೆ, ನನ್ನ ಕಾರ್ಡಿನ ಕೊನೆಯ ನಾಲ್ಕು ಅಂಕಿ ಇವೆ. ಡ್ಯೂಟಿ ಪಟ್ಟಿಯಲ್ಲೂ ಅದೇ ದಿನ ಇರಲೇಬೇಕು.

"ಹಾಗಾದ್ರೆ ನೀನು ಗೆದ್ದೆ ಅಲ್ವಾ ಅಮ್ಮ?" ಎಂದಳು. ಪೆನ್ಸಿಲುಗಳನ್ನು ಆರಿಸಿ ಡಬ್ಬಕ್ಕೆ ತುಂಬುತ್ತ, "ಗೌಹರಮ್ಮನಿಗೆ ಏನಾಗುತ್ತೆ?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಬಿಲ್ಲನ್ನು ಪಾಸ್‌ಪೋರ್ಟಿನ ಒಳಗೆ, ಪಾಸ್‌ಪೋರ್ಟನ್ನು ಬೀಗದ ಪೆಟ್ಟಿಗೆಯ ಒಳಗೆ ಇಟ್ಟೆ.

ಶಾಲೆಯಿಂದ ಪ್ರವಾಸದ ಒಪ್ಪಿಗೆ ಪತ್ರ ಬಂದಿದೆ. ಸಹಿ ಬೇಕಂತೆ. ನಾಲ್ಕು ಸಲ ಓದಿದೆ. ಒಂದು ಸಾಲು ಸ್ಪಷ್ಟವಿರಲಿಲ್ಲ. ಶಾಲೆಗೆ ಫೋನ್ ಮಾಡಿ ಕೇಳುತ್ತೇನೆ ಎಂದು ಪಕ್ಕಕ್ಕಿಟ್ಟೆ.

ಏಪ್ರಿಲ್ 15

ಶಾಲೆಯ ಪ್ರವಾಸ ಹೋಯಿತು, ಕುರಾಲೈ ಮನೆಯಲ್ಲೇ ಉಳಿದಳು. ಪತ್ರ ಕೊಡುವ ಕಡೆಯ ದಿನ ದಾಟಿತ್ತಂತೆ. ಮುಂದಿನ ವರ್ಷ ಹೋಗಬಹುದು.

ಸಂಜೆ ಗೆಳತಿಯ ಮನೆಯಲ್ಲಿ ಗಣಿತ ಓದುತ್ತೇನೆ ಎಂದು ಹೋದಳು. ಹಾಲು ತರಲು ಹೊರಟ ನಾನು ಆ ಕಡೆಯೇ ಹೋದೆ. ಕಿಟಕಿಯಲ್ಲಿ ಇಬ್ಬರೂ ಕಂಡರು, ಪುಸ್ತಕ ಹರವಿಕೊಂಡು ಕೂತಿದ್ದರು. ಕುರಾಲೈ ತಲೆ ಎತ್ತಿದಳು. ನನ್ನನ್ನು ನೋಡಿದಳೇನೋ. ಬರುತ್ತಾ ಹಾಲು ಮರೆತು ಬಂದೆ.

ಬಿಲ್ಲನ್ನು ಇನ್ನೂ ಯಾರಿಗೂ ಕೊಟ್ಟಿಲ್ಲ. ಎರಡು ತಿಂಗಳು ನನ್ನ ಪಕ್ಕದಲ್ಲಿ ಮಲಗಿದ್ದವಳು ಗೌಹರ್.

ಏಪ್ರಿಲ್ 27, ತಾಲ್ದಿಕೊರ್ಗಾನ್

ಮಾರ್ಝಿಯಾಳ ತಾಯಿ ತೀರಿಕೊಂಡು ಇವತ್ತಿಗೆ ನಲವತ್ತನೆಯ ದಿನ, ಸತ್ತವರಿಗಾಗಿ ಊಟ ಹಾಕುವ ದಿನ. ದೂರಿನ ಪ್ರತಿಯಲ್ಲಿ ವಿಳಾಸವಿತ್ತು. ಬೆಳಿಗ್ಗೆಯೇ ಬಸ್ಸು ಹಿಡಿದೆ. ಯಾರೂ ಕರೆದಿರಲಿಲ್ಲ, ಆದರೆ ಇಂಥ ದಿನ ಬಾಗಿಲಿಗೆ ಬಂದವರನ್ನು ನಮ್ಮವರು ಯಾರೂ ಕಳಿಸುವುದಿಲ್ಲ.

ಒಳಗೆಲ್ಲ ಎಣ್ಣೆಯಲ್ಲಿ ರೊಟ್ಟಿ ಕರಿಯುವ ವಾಸನೆ. ಮಾರ್ಝಿಯಾ ನನ್ನನ್ನು ತಕ್ಷಣ ಗುರುತಿಸಿದಳು. ಕೈಯಿಂದ ಜಾಗ ತೋರಿಸಿದಳು. ಹಿರಿಯರು ಕುರಾನ್ ಓದಿ, ಊಟ ಮಾಡಿ ಎದ್ದರು. ಮನೆಯವರಷ್ಟೇ ಉಳಿದಾಗ ಅವಳ ತಮ್ಮ ದುಯ್ಸೆನ್ ಎದುರು ಬಂದು ಕೂತ. ಟ್ರಕ್ ಓಡಿಸುವವನು, ಅಗಲವಾದ ಕೈ.

"ಕಂಪನಿಯವರು ಪಾಸಿನ ಹಣ ವಾಪಸು ಕಳಿಸಿದಾರೆ. ಜೊತೆಗೆ ಒಂದು ಕಾಗದ. ನಿಂಗೆ ಮುಂಚೆನೇ ಗೊತ್ತಿತ್ತಂತೆ. ಸಹಿನೂ ಇದೆಯಂತೆ."

"ಹತ್ತಿಸೋವಾಗ ಗೊತ್ತಿರ್ಲಿಲ್ಲ ಅಣ್ಣ. ಸಹಿ ಆಮೇಲೆ ಹಾಕಿಸಿಕೊಂಡ್ರು. ನಾನು ಓದಲಿಲ್ಲ."

"ಓದದೆ ಯಾರಮ್ಮ ಸಹಿ ಹಾಕ್ತಾರೆ?"

"ನಂಬಿದವರು ಹಾಕ್ತಾರೆ."

ಆಗ ಮಾರ್ಝಿಯಾ ಕೇಳಿದಳು. "ಅವತ್ತು ನೀನು ನನ್ನ ಪಕ್ಕ ಕೂತು ಒಂದು ಮಾತು ಹೇಳಿದೆ. ಚಿತ್ರ ಬರದಿದ್ರೂ ಒಮ್ಮೊಮ್ಮೆ ಮಾತು ಹೋಗುತ್ತೆ ಅಕ್ಕ, ಮಾತಾಡ್ತಾ ಇರಿ ಅಂತ. ನಾನು ಮಾತಾಡಿದೆ. ಹೋಗಿತ್ತಾ?"

ಈ ಮಾತನ್ನು ಅವತ್ತು ನಾನು ಇಲ್ಲಿ ಬರೆದಿರಲಿಲ್ಲ. ಬರೆಯಲು ಆಗಿರಲಿಲ್ಲ. ಕ್ಯಾಪ್ಟನ್ ಜೊತೆ ಮಾತಾಡಿದ ಮೇಲೆ ಹೇಳಿದ ಮಾತು ಅದು. ಒಂದು ಅಕ್ಷರವೂ ಹೋಗುವುದಿಲ್ಲ ಎಂದು ಆಗ ನನಗೆ ಗೊತ್ತಿತ್ತು.

"ಇಲ್ಲ ಅಕ್ಕ. ಏನೂ ಹೋಗಿರ್ಲಿಲ್ಲ. ಗೊತ್ತಿದ್ದೇ ಹೇಳಿದೆ."

ದುಯ್ಸೆನ್ ಎದ್ದು ನಿಂತ. "ಇದನ್ನ ಹೇಳೋಕೆ ಇಷ್ಟು ದೂರ ಬಂದ್ಯಾ? ನಲವತ್ತು ದಿನ ಅವಳು ಅದೊಂದನ್ನೇ ಹಿಡ್ಕೊಂಡು ಕೂತಿದಾಳೆ, ಅವ್ವ ಕೇಳಿಸಿಕೊಂಡಿರ್ಬಹುದು ಅಂತ. ನಾನು ಇಲ್ಲ ಅಂತ ಒಂದಿನ ಹೇಳಿಲ್ಲ. ಹಾಳಾಗಿ ಹೋಗ್ಲಿ, ಇರ್ಲಿ ಅಂತ ಬಿಟ್ಟಿದ್ದೆ."

ಮಾರ್ಝಿಯಾ ಅವನ ತೋಳು ಹಿಡಿದು ಕೂರಿಸಿದಳು. ತುಂಬ ಹೊತ್ತು ಮೇಜಿನ ಬಟ್ಟೆಯ ಅಂಚನ್ನು ಉಗುರಿನಿಂದ ತೀಡುತ್ತಿದ್ದಳು. ಹೊಲಿಗೆ ಸರಿಯಿದೆಯೇ ಎಂದು ನೋಡುವವರ ಹಾಗೆ.

"ನೀನು ಪಕ್ಕದಲ್ಲೇ ಇದ್ದೆಯಲ್ಲ" ಎಂದಳು ಕೊನೆಗೆ. "ನಾನೇನು ಹೇಳಿದೆ ಅಂತ ನಂಗೆ ನೆನಪೇ ಇಲ್ಲ. ತಲೆ ಮಂಜಾಗಿತ್ತು. ನೀನು ಕೇಳಿಸಿಕೊಂಡ್ಯಾ?"

ಕೇಳಿಸಿಕೊಂಡಿದ್ದೆ. ಒಂದೊಂದಾಗಿ ಹೇಳಿದೆ. ತೊಳೆದಿಟ್ಟ ಕುರಿಯುಣ್ಣೆಯನ್ನು ಯಾರಿಗೂ ಕೊಡಬೇಡ, ಹಾಸಿಗೆ ನಾನೇ ಬಂದು ಹೊಲಿಯುತ್ತೇನೆ ಎಂದದ್ದು. ಎರಡು ವರ್ಷ ಬರದಿದ್ದದ್ದು ರಜೆ ಸಿಗದೆ ಅಲ್ಲ, ಬಂದರೆ ವಾಪಸು ಹೋಗಲು ಮನಸ್ಸು ಬರುವುದಿಲ್ಲ ಎಂಬ ಭಯದಿಂದ ಎಂದದ್ದು. ಆಮೇಲೆ, ಅಜ್ಜಿಯ ಕಾಲದ ಹೂವಿನ ಚಹಾಪಾತ್ರೆ ಒಡೆದವಳು ತಾನು, ದುಯ್ಸೆನ್ ಅಲ್ಲ ಎಂದದ್ದು. "ಅವನು ನನ್ನಿಂದಾಗಿ ಹೊಡೆಸಿಕೊಂಡ ಅವ್ವ, ಇಷ್ಟು ವರ್ಷ ಬಾಯಿ ಬಿಡ್ಲಿಲ್ಲ ನಾನು ಅಂದ್ರಿ."

ದುಯ್ಸೆನ್ ಅಕ್ಕನ ಕಡೆ ತಿರುಗಿದ. "ನೀನಾ?"

"ನಾನೇ."

"ಎರಡು ದಿನ ಕೂರೋಕಾಗಿರ್ಲಿಲ್ಲ ನಂಗೆ. ಬೆಕ್ಕು ಕೆಡವಿದ್ದು ಅಂತ ಅಂದ್ಕೊಂಡಿದ್ದೆ. ಆ ಬೆಕ್ಕನ್ನ ಒಂದು ವರ್ಷ ಒದ್ದಿದೀನಿ ನಾನು."

ಮಾರ್ಝಿಯಾ ನಗಲು ಹೋಗಿ ಅತ್ತುಬಿಟ್ಟಳು. ಅವನು ಆ ದೊಡ್ಡ ಕೈಯಿಂದ ಅವಳ ತಲೆಯನ್ನು ತನ್ನ ಭುಜಕ್ಕೆ ಒತ್ತಿಕೊಂಡ. ನಾನು ತಟ್ಟೆಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದೆ.

ಹೊರಡುವಾಗ ಅವಳು ಕರಿದ ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿ ಕೊಟ್ಟಳು. "ನಿನ್ನನ್ನ ಕ್ಷಮಿಸಿದೆ ಅಂತ ಈಗ್ಲೇ ಹೇಳೋಕಾಗಲ್ಲ" ಎಂದಳು. "ಆದ್ರೆ ನಿನ್ನ ಕೈಲಿ ಸಹಿ ಹಾಕಿಸಿದವರು ಇಲ್ಲಿ ತನಕ ಬರ್ಲಿಲ್ಲ."

ಮೇ 6

ಬಿಲ್ಲನ್ನೂ ಡ್ಯೂಟಿ ಪಟ್ಟಿಯನ್ನೂ ಬೆಕ್ಸುಲ್ತಾನ್ ಅವರ ಕೈಗೇ ಕೊಟ್ಟೆ. ಬೂಟಿನ ಬಿಲ್ಲನ್ನು ಕನ್ನಡಕ ಎತ್ತಿ ಓದಿದರು. "ಕೆಂಪು, ಮೂವತ್ತೇಳು" ಎಂದು ತಮಗೇ ಹೇಳಿಕೊಂಡರು. ನಾನು ಕೊಟ್ಟದ್ದಕ್ಕೆಲ್ಲ ರಸೀದಿ ಕೇಳಿದೆ. ಅದರ ಮೇಲೆ ಗಂಟೆಯನ್ನೂ ಬರೆಸಿದೆ. ಅವರಿಗೆ ಬೇಸರವಾಯಿತೋ ಏನೋ, ಆಗಲಿ.

ಮನೆಗೆ ಬಂದಾಗ ಕುರಾಲೈ ಇರಲಿಲ್ಲ. ಚಿತ್ರಕಲೆ ತರಗತಿ ಐದಕ್ಕೆ ಮುಗಿಯುತ್ತದೆ, ಆರು ಇಪ್ಪತ್ತಕ್ಕೆ ಬಂದಳು. ಎಲ್ಲಿದ್ದೆ ಎಂದು ಕೇಳಿದೆ. ಬಸ್ಸು ಕೆಟ್ಟಿತು ಎಂದಳು. ಯಾವ ಬಸ್ಸು, ಎಲ್ಲಿ ಕೆಟ್ಟಿತು, ಜೊತೆಗೆ ಯಾರಿದ್ದರು ಎಂದು ಕೇಳಿದೆ. ಜೊತೆಗಿದ್ದ ಹುಡುಗಿಯ ತಾಯಿಗೆ ಫೋನ್ ಮಾಡಿದೆ. ಬಸ್ಸು ಕೆಟ್ಟದ್ದು ನಿಜ.

"ಅಮ್ಮ, ನಾನು ಗೌಹರಮ್ಮ ಅಲ್ಲ" ಎಂದು ಹೇಳಿ ಕೋಣೆಯ ಬಾಗಿಲು ಹಾಕಿಕೊಂಡಳು.

ಹದಿನಾರರ ವಯಸ್ಸು. ಮಾತು ಸ್ವಲ್ಪ ಖಾರ.

ಮೇ 14

ತೀರ್ಮಾನ ಬಂತು. ನನ್ನ ಮೇಲಿನ ಆರೋಪ ಕೈಬಿಟ್ಟಿದ್ದಾರೆ. ಗೌಹರ್‌ಳನ್ನು ಕೆಲಸದಿಂದ ತೆಗೆದಿದ್ದಾರೆ. ಮಾರ್ಝಿಯಾಳಿಗೆ ಕಂಪನಿ ಕ್ಷಮೆಯ ಪತ್ರ ಕಳಿಸುತ್ತದಂತೆ. ಇನ್ನು ಮುಂದೆ ಪಾಸಿನ ಮೇಲೆ ದಾರಿಯ ನಕ್ಷೆ ಇರುತ್ತದೆ. ಇಂಟರ್ನೆಟ್ ಸಿಗದ ಭಾಗಕ್ಕೆ ಬೂದು ಬಣ್ಣ. ಇಂಜಿನಿಯರುಗಳ ಜನವರಿಯ ಕಾಗದ ಗೌಹರ್‌ಳ ಕಡತದಲ್ಲೇ ಇತ್ತು, ಅವಳದೇ ಅಕ್ಷರದಲ್ಲಿ 'ನೋಡಿದೆ' ಎಂದು ಬರೆದಿತ್ತು.

ಲಿಫ್ಟಿನ ಮುಂದೆ ಸಿಕ್ಕಳು. ಕೈಯಲ್ಲಿ ರಟ್ಟಿನ ಪೆಟ್ಟಿಗೆ, ಮೇಲೆ ಅವಳ ಮೇಜಿನ ಗಿಡ.

"ಹನ್ನೆರಡನೇ ತಾರೀಕು ನಿಂಗೆ ರಜಾ ಅಂದ್ಕೊಂಡಿದ್ದೆ" ಎಂದಳು. "ಪಟ್ಟಿ ನೋಡ್ಬೇಕಿತ್ತು."

ಅಷ್ಟೇ ಅವಳ ಪಶ್ಚಾತ್ತಾಪ. ನಾನು ಲಿಫ್ಟಿನ ಗುಂಡಿ ಒತ್ತಿದೆ.

"ಸಮಿತಿಗೆ ಕೊಡೋ ಮುಂಚೆ ನನಗೆ ಒಂದು ಮಾತು ಹೇಳ್ಬಹುದಿತ್ತು ಉಮಿತ್. ಹದಿನೆಂಟು ವರ್ಷ."

"ನೀನೂ ಹೇಳ್ಬಹುದಿತ್ತು."

"ಹೇಳಿದ್ರೆ ನೀನು ಪಾಸ್ ಮಾರ್ತಿರ್ಲಿಲ್ಲ. ನಂಗೆ ಗೊತ್ತು ನಿನ್ನನ್ನ." ಲಿಫ್ಟ್ ಬಂತು. ಒಳಗೆ ಹೋಗದೆ ನಿಂತಳು. "ನಿನ್ನಷ್ಟು ಚೆನ್ನಾಗಿ ನಂಬಿಸೋರು ಇನ್ಯಾರೂ ಇರ್ಲಿಲ್ಲ ಕಣೇ."

ಇದು ಹೊಗಳಿಕೆಯೋ, ಬೈಗುಳವೋ, ಮನೆಗೆ ಬಂದು ಇಷ್ಟು ಹೊತ್ತಾದರೂ ತಿಳಿಯುತ್ತಿಲ್ಲ. ಅವಳು ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಅಳಲಿಲ್ಲ. ಅವಳು ಮೆಟ್ಟಿಲು ಇಳಿದು ಹೋದಳು, ನಾನೊಬ್ಬಳೇ ಲಿಫ್ಟಿನಲ್ಲಿ ಹೋದೆ.

ಮೇ 20

ಗೌಹರ್ ಕುರಾಲೈಗೆ ಫೋನ್ ಮಾಡಿದ್ದಳಂತೆ. ಪರೀಕ್ಷೆಗೆ ಒಳ್ಳೆಯದಾಗಲಿ ಎಂದಳಂತೆ. ಬೇರೆ ಏನು ಹೇಳಿದಳು ಎಂದು ಕೇಳಿದೆ. ಏನೂ ಇಲ್ಲ ಎಂದಳು. ಫೋನ್ ಕೇಳಿ ತೆಗೆದುಕೊಂಡು ನೋಡಿದೆ. ನಾಲ್ಕು ನಿಮಿಷದ ಕರೆ. 'ಒಳ್ಳೆಯದಾಗಲಿ' ಎನ್ನಲು ನಾಲ್ಕು ನಿಮಿಷ ಬೇಕೆ?

ಕುರಾಲೈ ಬೆಳ್ಳಿಯ ಓಲೆಯನ್ನು ಬಿಚ್ಚಿ ಮೇಜಿನ ಮೇಲೆ ಇಟ್ಟಿದ್ದಾಳೆ. ನಾನು ಹೇಳಿರಲಿಲ್ಲ.

ಜೂನ್ 2, ವಿಮಾನದಲ್ಲಿ

ವಾಪಸು ಬಂದ ಮೇಲೆ ಇದು ಮೂರನೆಯ ಹಾರಾಟ. ಊಟ ಬಡಿಸಿಯಾಯಿತು, ಪ್ರಯಾಣಿಕರು ಕಿಟಕಿಗಳನ್ನು ಮುಚ್ಚಿ ಮಲಗಿದ್ದಾರೆ. ಹಿಂದಿನ ಸೀಟಿನಲ್ಲಿ ಕೂತು ಬರೆಯುತ್ತಿದ್ದೇನೆ. ಕೆಲಸ ಚೆನ್ನಾಗಿ ನಡೆಯುತ್ತಿದೆ. ಹೊಸ ಮುಖ್ಯಸ್ಥರು ಕೊಟ್ಟ ಕಾಗದಗಳನ್ನು ಮನೆಗೆ ಒಯ್ದು ಓದಿಯೇ ಸಹಿ ಹಾಕುತ್ತೇನೆ; ಅದಕ್ಕೆ ಅವರು ನಗುತ್ತಾರೆ. ಜೊತೆಯ ಹುಡುಗಿಯರು ಊಟಕ್ಕೆ ಕರೆಯುವುದನ್ನು ಬಿಟ್ಟಿದ್ದಾರೆ. ನನಗೂ ಅದೇ ಅನುಕೂಲ.

ಸಿಬ್ಬಂದಿಗೆ ಇಂಟರ್ನೆಟ್ ಬಿಟ್ಟಿ ಇಲ್ಲ. ಈಗ ಪ್ರತಿ ಸಲವೂ ನನ್ನ ಹಣದಲ್ಲೇ ಪೂರ್ತಿ ದಾರಿಯ ಪಾಸ್ ಕೊಳ್ಳುತ್ತೇನೆ. ಹುಡುಗಿ ಒಬ್ಬಳೇ ಮನೆಯಲ್ಲಿರುತ್ತಾಳಲ್ಲ. ಗಂಟೆಗೊಮ್ಮೆ ಎಲ್ಲಿದ್ದೀಯ ಎಂದು ಕೇಳಿದರೆ ನನ್ನ ಮನಸ್ಸು ನಿಲ್ಲುತ್ತದೆ. ಮೊದಲೆಲ್ಲ ಒಂದೇ ಪದದ ಉತ್ತರ ಬರುತ್ತಿತ್ತು, ಒಮ್ಮೊಮ್ಮೆ ಅದೂ ಇಲ್ಲ.

ಇವತ್ತು ಬೆಟ್ಟಗಳು ಬರುವ ಮುಂಚೆ, ನಾನು ಕೇಳುವ ಮುಂಚೆಯೇ ಅವಳ ಫೋಟೋ ಬಂತು. ಗ್ರಂಥಾಲಯದ ಮೇಜಿನ ಮುಂದೆ ನೆಟ್ಟಗೆ ಕೂತಿದ್ದಾಳೆ. ಹಿಂದಿನ ಗೋಡೆಯ ಗಡಿಯಾರ ಕಾಣುವ ಹಾಗೆ ತಲೆಯನ್ನು ಒಂದು ಕಡೆ ವಾಲಿಸಿಕೊಂಡಿದ್ದಾಳೆ. ಇವತ್ತಿನ ತಾರೀಕನ್ನು ಹಾಳೆಯ ಮೇಲೆ ದೊಡ್ಡದಾಗಿ ಬರೆದು ಎದೆಯ ಮುಂದೆ ಹಿಡಿದಿದ್ದಾಳೆ.

ಗಡಿಯಾರವನ್ನು ನನ್ನ ಕೈಗಡಿಯಾರದ ಜೊತೆ ಹೋಲಿಸಿ ನೋಡಿದೆ. ಸರಿಯಾಗಿತ್ತು.

ಒಳ್ಳೆಯ ಹುಡುಗಿ. ಈಗ ಹೇಳಿಸಿಕೊಳ್ಳದೆಯೇ ಕಳಿಸುತ್ತಾಳೆ.